ಬರ್ತೀನಿ ಅನ್ನದವರಿಗೆ ದಾರಿಯಿಲ್ಲ

ನಮ್ಮ ಅತ್ತಿಯ ಎದುರು ಇಂಗ್ಲಿಷ್ ಭಾಷೆ ಸೋತು ಕೈಮುಗಿದಿದೆ. ನಂಬುವುದಿಲ್ಲವೇ? ಬಸವಕಲ್ಯಾಣಕ್ಕೆ ಬಂದು ನೋಡಿ!

ಅತ್ತಿ ಎಂದರೆ ನನ್ನ ಅಪ್ಪನ ತಂಗಿ. ಮಗಳು ತೀರಿಕೊಂಡ ಮೇಲೆ ಮೊಮ್ಮಗಳನ್ನು ತಾನೇ ಸಾಕುತ್ತಿದ್ದಾಳೆ. ಆ ಹುಡುಗಿಯನ್ನು ಹುಮನಾಬಾದಿನ ಇಂಗ್ಲಿಷ್ ಶಾಲೆಗೆ ಸೇರಿಸಬೇಕೆಂಬ ಹಟ. ಅಲ್ಲಿ ಮಗುವಿನ ಜೊತೆ ಮನೆಯವರನ್ನೂ ಇಂಗ್ಲಿಷಿನಲ್ಲಿ ಮಾತಾಡಿಸಿ ನೋಡುತ್ತಾರಂತೆ, ತಡವರಿಸಿದರೆ ಸೀಟಿಲ್ಲ. ಹೀಗಾಗಿ ನಾನು ಮಾಸ್ತರನಾದೆ. ಮಾಸ್ತರನೆಲ್ಲಿ, ಆರೋಪಿಯಾದೆ! ಇಂಗ್ಲಿಷಿನ ಪ್ರತಿ ಅಪರಾಧಕ್ಕೂ ಜವಾಬು ಕೊಡಬೇಕಾದವನು ನಾನೇ.

“ಕಾಕಾನೂ ಅಂಕಲ್, ಮಾಮಾನೂ ಅಂಕಲ್, ಎದುರು ಮನಿ ಚಾಚಾನೂ ಅಂಕಲ್. ಲಗ್ನದಾಗ ಮೊದಲ ಉಡುಗೊರಿ, ಆಯೇರಿ ಯಾರಿಗೆ ಅಂತ ಹ್ಯಾಂಗ ತಿಳೀಬೇಕೋ ಅಳಿಯಾ?”

“ಅವರೊಳಗ ಆಯೇರಿ ಇಲ್ಲ, ಅತ್ತಿ.”

“ಅದಕ್ಕೇ ಹಿಂಗಾಗ್ಯದ!”

ಮರುದಿನ ಬೇರೆ ತಕರಾರು. “ಫ್ಯಾನ್ ಆಫ್ ಆದರ ಸುಮ್ಮನಾಗ್ತದ. ಅಲಾರಾಂ ‘ಗೋಸ್ ಆಫ್’ ಅಂದರ ಬಡ್ಕೊಳ್ಳಾಕತ್ತದ. ಇದು ಭಾಷಾನೋ, ನಮ್ಮೂರ ಕರೆಂಟೋ?”

ಬೀದಿನಾಯಿಗೂ ಒಂದೇ ‘ಯೂ’, ನಾವು ಕಾಲಿಗೆ ಬೀಳುವ ಹಿರಿಯರಿಗೂ ಅದೇ ‘ಯೂ’ ಎಂದಾಗ ಅವಳ ಮೈಯೆಲ್ಲ ಉರಿಯಿತು. ತಾನೇ ದುರಸ್ತಿಗಿಳಿದಳು: ಎಸ್‌ರಿ, ನೋರಿ, ಥ್ಯಾಂಕ್ಯೂರಿ!

ಕೊನೆಯ ಪಾಠ. ಎದ್ದು ಹೊರಡುವಾಗ ‘ಐ ಆ್ಯಮ್ ಗೋಯಿಂಗ್’ ಅನ್ನಬೇಕೆಂದೆ. ಅತ್ತಿ ಹಾರಿಬಿದ್ದಳು.

“ಹೋಗ್ತೀನಿ ಅಂತ ಯಾರರ ಅಂತಾರೇನೋ? ನಮ್ಮಲ್ಲಿ ಹೆಣಾ ಸೈತ ಹಂಗ ಅನ್ನಂಗಿಲ್ಲ!”

“ಹೆಣ ಏನೂ ಅನ್ನಂಗಿಲ್ಲ, ಅತ್ತಿ.”

“ಭಾಳ ಶಾಣ್ಯಾ ಅದಿ! ಅದರಂಗ ನೀನೂ ಸುಮ್ಕಿರು.”

ಸಂದರ್ಶನದ ದಿನ ನಾನು ಗೇಟಿನಾಚೆ ಕಾಯುತ್ತಿದ್ದೆ. ಒಳಗಿನದು ಅರ್ಧ ಅತ್ತಿ ಹೇಳಿದ್ದು, ಅರ್ಧ ನಾನು ಬೆಳೆಸಿದ್ದು. ಯಾವ ಅರ್ಧ ಯಾರದೆಂದು ಕೇಳಬೇಡಿ. ಎಲ್ಲ ಪ್ರಶ್ನೆಗೂ ಉತ್ತರ ಕೊಟ್ಟು, ಎದ್ದು ಕೈಮುಗಿದು, “ಐ ಆ್ಯಮ್ ಕಮಿಂಗ್‌ರಿ!” ಎಂದವಳೇ ಮೊಮ್ಮಗಳ ಕೈಹಿಡಿದು ನೇರ ಬಸ್ ಸ್ಟ್ಯಾಂಡಿಗೆ ನಡೆದಳು. ನಾನು ಹಿಂದೆ ಓಡಿದೆ. ಅತ್ತ ದೊಡ್ಡ ಮೇಡಂ, ಈಕೆ ಏನೋ ಮರೆತಿರಬೇಕು, ಈಗ ಬರುತ್ತಾಳೆ ಎಂದು ಕುರ್ಚಿ ಖಾಲಿ ಇಟ್ಟುಕೊಂಡು ಕಾದರು. ಚಹಾ ತರಿಸಿದರು. ಆರಿತು. ಕೊನೆಗೆ ಶಾಲೆಯ ಜವಾನ ಏದುಸಿರು ಬಿಡುತ್ತ ಬಸ್ ಸ್ಟ್ಯಾಂಡಿಗೆ ಬಂದ.

“ಅಮ್ಮಾರ, ಬರ್ತೀನಿ ಅಂದು ಎಲ್ಲಿಗಿ ಹೊಂಟ್ರಿ? ಮೇಡಂ ಕಾಯಾಕತ್ತಾರ!”

“ಬರ್ತೀನಿ ಅಂದೀನಲ್ಲ, ಬಂದೇ ಬರ್ತೀನಿ. ಸಾಲಿ ಸುರು ಆಗಲಿ!”

ಸೀಟು ಸಿಕ್ಕಿತು. ಇಷ್ಟು ಗಟ್ಟಿಯಾಗಿ ಬರ್ತೀನಿ ಅಂದವಳಿಗೆ ಬೇಡ ಅನ್ನುವುದು ಹೇಗೆ?

ಇಲ್ಲಿಗೆ ಮುಗಿಸಿದರೆ ಚೊಕ್ಕಟ. ಆದರೆ ಚೊಕ್ಕಟವಾದ ನೆನಪನ್ನು ನಾನು ನಂಬುವುದಿಲ್ಲ. ಅತ್ತಿಯ ಮಗಳು ಕೊನೆಯ ಸಲ ದವಾಖಾನೆಗೆ ಹೊರಟ ದಿನ ‘ಹೋಗ್ತೀನಿ’ ಅಂದಿದ್ದಳು ಎಂದು ಬರೆದರೆ ಎಲ್ಲವೂ ಸರಿಯಾಗಿ ಕೂಡಿಕೊಳ್ಳುತ್ತದೆ. ಅವಳು ಅಂದದ್ದೇನು? ಆಟೋದ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಅತ್ತಿಗೂ.

ಶಾಲೆಯ ಮೊದಲ ಮುಂಜಾನೆ ವ್ಯಾನು ಬಂತು. ಹುಡುಗಿ ಹತ್ತಿ ಕೂತು, ಕಿಟಕಿಯಿಂದ “ಬಾಯ್ ಅಜ್ಜಿ!” ಅಂದಳು. ಅತ್ತಿ ಹೋಗಿ ವ್ಯಾನಿನ ಎದುರಿಗೇ ನಿಂತುಬಿಟ್ಟಳು! ಡ್ರೈವರ್ ಹಾರ್ನ್ ಹೊಡೆದ.

“ಸರೀರಿ ಅಮ್ಮಾ, ಟೈಮ್ ಆಗ್ಯದ!”

“ಪೂರಾ ಹೇಳಲಿ. ಸರೀತೀನಿ.”

ನಗಲು ಹೋದೆ. ಅವಳು ಬಾನೆಟ್ಟಿನ ಮೇಲೆ ಎರಡೂ ಕೈ ಊರಿದಳು.

ಹುಡುಗಿ ನಾಚಿಕೆಯಿಂದ ಕೆಂಪಾಗಿ, ಕತ್ತು ಹೊರಗೆ ಹಾಕಿ ಕೂಗಿದಳು: “ಐ ಆ್ಯಮ್ ಕಮಿಂಗ್‌ರಿ ಅಜ್ಜಿ!”

ವ್ಯಾನಿನ ತುಂಬ ನಗೆ. ಅತ್ತಿ ಮಾತ್ರ ನಗಲಿಲ್ಲ. ಬದಿಗೆ ಸರಿದು, ದಾರಿ ಬಿಟ್ಟು, ಮೆಲ್ಲಗೆ ಅಂದಳು:

“ಬಾ.”