ಮೂರು ವರ್ಷದ ಲಿಫ್ಟರ್

"ಈಕಿ ಡಿಗ್ರಿ ಮುಗಸ್ತಾಳ? ನಮ್ಮ ಮನಿತನದಾಗ ಯಾರರ ಮೂರು ವರ್ಷ ಒಂದ ಕಡಿ ನಿಂತಾರೇನು? ಆಗಂಗಿಲ್ಲ ಬಿಡ್ರಿ!"

ಹೀಗೆಂದು ಪೋತ್ನಾಳದ ಬಸ್ ನಿಲ್ದಾಣದ ಎದುರು ಊರೆಲ್ಲ ಕೇಳುವಂತೆ ಸಾರಿದವರು ನನ್ನ ಶತ್ರುಗಳಲ್ಲ, ಸ್ವಂತ ಸೋದರಮಾವ. ಶತ್ರುಗಳನ್ನು ಹೊರಗೆ ಹುಡುಕುವ ತೊಂದರೆ ನಮ್ಮ ಮನೆಯವರಿಗೆ ಎಂದೂ ಬಂದಿಲ್ಲ.

ಮಾತು ಪೂರ್ತಿ ಸುಳ್ಳೂ ಅಲ್ಲ. ನಮ್ಮಪ್ಪ ಲಾರಿ ಕ್ಲೀನರ್. ಲಾರಿ ಬದಲಿಸಿದಷ್ಟು ಅಂಗಿ ಬದಲಿಸಿದವನಲ್ಲ. ನಮ್ಮಣ್ಣ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೋಗಿ, ಬಾಗಿಲಲ್ಲಿ ಬಿಟ್ಟ ಚಪ್ಪಲಿ ಬಿಸಿಯಾಗುವ ಮೊದಲೇ ಹಾಕಿಕೊಂಡು ಬಂದ. ಆದರೆ ನಾನು ರಾಯಚೂರಿನ ಕಾಲೇಜಿಗೆ ಕೆಂಪು ಬಸ್ಸಿನಲ್ಲಿ ನಿಂತೇ ಹೋದೆ, ನಿಂತೇ ಬಂದೆ. ನಿಲ್ಲುವುದನ್ನು ನನಗೆ ಯಾರಾದರೂ ಹೇಳಿಕೊಡಬೇಕೆ?

ಮಾವನದು ಪಂಕ್ಚರ್ ಅಂಗಡಿ. ವಾಲಿಬಾಲ್ ತಂದವರಿಗೆ ಪ್ಯಾಚು ಪುಕ್ಕಟೆ. ಶರತ್ತು ಒಂದೇ: ಹಚ್ಚಿದ ಸಲೂಷನ್ ಒಣಗುವವರೆಗೆ ಕೂತು ಮಾವನ ಜೊತೆ ವಾದ ಮಾಡಬೇಕು. ವಾದದ ವಿಷಯವೂ ಒಂದೇ. ಮಾನ್ವಿಯ ತಂಡಕ್ಕೆ, ದೇವದುರ್ಗದ ತಂಡಕ್ಕೆ, ಯಾವ ವರ್ಷ ಯಾರು ಲಿಫ್ಟರ್? ಲಿಫ್ಟರ್ ಎಂದರೆ ಬಲೆಯ ಪಕ್ಕ ನಿಂತು ಚೆಂಡನ್ನು ಎತ್ತಿಕೊಡುವವರು. ಹೊಡೆತ ಬಿದ್ದರೆ ಹೊಡೆದವರಿಗೆ ಚಪ್ಪಾಳೆ, ತಪ್ಪಿದರೆ ಎತ್ತಿಕೊಟ್ಟವರಿಗೆ ಬೈಗುಳ! ಮಾವ ವಾದದಲ್ಲಿ ಸೋಲುವಂತಾದರೆ, "ಗಾಳಿ ಸೋರಾಕತ್ತದ, ಕುಂದ್ರು" ಎಂದು ಪ್ಯಾಚು ಕಿತ್ತು ಹೊಸದಾಗಿ ಹಚ್ಚುತ್ತಿದ್ದರು. ಹುಡುಗರು ಹೊಸ ಚೆಂಡನ್ನೇ ಕೊಳ್ಳತೊಡಗಿದ್ದು ಸುಮ್ಮನೆ ಅಲ್ಲ.

ಅವರ ಕಾನೂನು ಇಷ್ಟೇ. ವರ್ಷದ ಮೊದಲ ಪಂದ್ಯದಲ್ಲಿ ಸೀಟಿ ಊದಿದಾಗ ಅಂಕಣದೊಳಗೆ ಇದ್ದವನೇ ಆ ವರ್ಷದ ಲಿಫ್ಟರ್. ಮರುದಿನ ಅವನ ಕೈ ಮುರಿಯಲಿ, ಮದುವೆಯಾಗಲಿ, ಊರೇ ಬಿಡಲಿ. ವರ್ಷ ಅವನದು!

"ಮತ್ತ ಉಳಿದ ಮ್ಯಾಚೆಲ್ಲಾ ಆಡಿದಾಂವ?" ಎಂದು ಪಕ್ಕದ ಚಹಾದಂಗಡಿಯ ಚಾಚಾ ಕೆಣಕುತ್ತಿದ್ದರು.

"ಅಂವ ಸ್ಟೆಪ್ನಿ!"

"ಅರೇ ಭಾಯ್, ನಿಂದೇನು? ಜಾಲಹಳ್ಳಿ ಹೈಸ್ಕೂಲಿನಾಗ ಒಂದ ಮ್ಯಾಚ್ ಆಡಿದಿ."

"ಒಂದ ಅಲ್ಲ, ಮೊದಲನೇದು! ಸೀಟಿ ಊದಿದಾಗ ನಾ ಒಳಗಿದ್ದೆ. ಆ ವರ್ಷ ನಂದ!"

ಆ ಪಂದ್ಯ ಮುಗಿದ ವಾರದಲ್ಲೇ ಮಾವನನ್ನು ಶಾಲೆ ಬಿಡಿಸಿ ಟೈರು ಬಿಚ್ಚುವ ಕೆಲಸಕ್ಕೆ ಹಚ್ಚಿದ್ದರು. ಅವರ ಓದು ಅಲ್ಲಿಗೆ ಮುಗಿಯಿತು, ಆಟವೂ. ಆದರೆ ಒಂದು ಪಂದ್ಯದ ಆ ಪಟ್ಟಕ್ಕೆ ಗಾಳಿ ತುಂಬುತ್ತಲೇ ಇಷ್ಟು ವರ್ಷ ಓಡಿಸಿಕೊಂಡು ಬಂದಿದ್ದರು.

ಇಂಥವರ ಮನೆಯಲ್ಲಿ ನಾನು ಕಾಲೇಜಿನ ಲಿಫ್ಟರ್ ಆದೆ! ಮೊದಲ ವರ್ಷ ಮೊದಲ ಪಂದ್ಯಕ್ಕೆ ನಾನು ಹೊರಗೆ ಬೆಂಚಿನ ಮೇಲಿದ್ದೆ. ಎರಡನೆಯದರಲ್ಲಿ ನಮ್ಮ ಲಿಫ್ಟರ್ ಆಗಿದ್ದ ಸೀನಿಯರ್ ಅಕ್ಕನ ಬೆರಳು ಬದನೆಕಾಯಿಯಂತೆ ಊದಿತು. ಆಗ ಒಳಗೆ ಹೋದವಳು ಕೊನೆಯ ವರ್ಷ ಮುಗಿಯುವವರೆಗೆ ಹೊರಗೆ ಬರಲಿಲ್ಲ. ನನ್ನ ಲೆಕ್ಕಕ್ಕೆ ಮೂರು ವರ್ಷ. ಮಾವನ ಲೆಕ್ಕಕ್ಕೆ ಎರಡು.

"ಮೊದಲನೇ ವರ್ಷ ನೀ ಸ್ಟೆಪ್ನಿ ಬೇ."

"ಮಾವಾ, ಮಾನ್ವಿ ರಸ್ತಾದಾಗ ಟೈರ್ ಒಡದ್ರ ಲಾರಿ ರಾಯಚೂರು ಮುಟ್ಟಸೋದು ಯಾವುದು?"

"ಸ್ಟೆಪ್ನಿ. ಆದ್ರ ನಂಬರ್ ಪ್ಲೇಟ್ ಅದರ ಮ್ಯಾಲೆ ಹಾಕ್ತಾರೇನು?"

ನೀರಮಾನ್ವಿಯಿಂದ ನನ್ನನ್ನು ನೋಡಲು ಬಂದವರ ಮುಂದೆ ಅವ್ವ ಹೆಮ್ಮೆಯಿಂದ, "ನಮ್ಮಾಕಿ ಕಾಲೇಜಿನಾಗ ಮೂರು ವರ್ಷ..." ಎಂದಳು. ಒಳಗಿನಿಂದ ಮಾವ ಕೂಗಿದರು: "ಎರಡ!" ಹುಡುಗಿ ಒಂದು ವರ್ಷ ಫೇಲೆಂದು ತಿಳಿದು, ನೋಡಲು ಬಂದವರು ಚಹಾ ಕುಡಿದು ಎದ್ದರು. ಮಾವನ ಕಾನೂನಿನಿಂದ ನನಗಾದ ಉಪಕಾರ ಅದೊಂದೇ!

ಡಿಗ್ರಿ ಮುಗಿಯಿತು. ಆಗಂಗಿಲ್ಲ ಎಂದಿದ್ದು ಆಯಿತು. ಕಾಲೇಜಿಗೆ ಹೋಗಿ ಕಾಗದಪತ್ರ ತರುವ ದಿನ ಮಾವ, "ನಾನೂ ಬರ್ತೀನಿ, ಕಾಲೇಜ್ ಹೆಂಗಿರ್ತದ ನೋಡಬೇಕು" ಎಂದು ಇಸ್ತ್ರಿ ಅಂಗಿ ಹಾಕಿಕೊಂಡು ಬಸ್ಸು ಹತ್ತಿದರು. ಮುಂದೆ ನಾನು ಆಟದ ಟೀಚರ್ ಆಗಬೇಕು ಎಂದುಕೊಂಡಿದ್ದೆ. ಅದಕ್ಕೆ ಓದಲು ಅರ್ಜಿ ಹಾಕುವಾಗ ಎಲ್ಲಕ್ಕಿಂತ ಮುಂದೆ ಇಡಬೇಕಾದದ್ದು ನನ್ನ ಕ್ರೀಡಾ ಸರ್ಟಿಫಿಕೇಟು.

ಪಿ.ಟಿ. ಮಾಸ್ತರರು ಪೆನ್ನು ತೆಗೆದರು. "ಮೊದಲನೇ ವರ್ಷ ಶುರುವಿಗೆ ನೀ ಅಂಕಣದ ಒಳಗ ಇರಲಿಲ್ಲಲ್ಲವ್ವಾ. ಎರಡು ವರ್ಷ ಅಂತ ಬರೀತೀನಿ."

"ಎರಡು ಅಂತ ಬರದ್ರ ನಾ ಒಯ್ಯಂಗಿಲ್ರೀ ಸರ್. ನಿಮ್ಮ ಹತ್ರನ ಇರ್ಲಿ."

ಮಾಸ್ತರರು ನಕ್ಕರು. ಕಾಲೇಜಿನ ಚೆಂಡಿಗೆ ಮಾವನ ಬಳಿ ಪ್ಯಾಚು ಹಾಕಿಸಿಕೊಂಡವರು, ಕಾನೂನನ್ನು ಪೂರ್ತಿ ಕೇಳಿದವರು. "ನನ್ನ ಮಾತು ಬ್ಯಾಡ. ನಿಮ್ಮ ಮಾವ ಏನಂತಾರೋ ಅದನ್ನ ಬರೀತೀನಿ. ಹೇಳ್ರಿ, ಎಷ್ಟು?"

ಮುಗಿಯಿತು, ಎರಡೇ ಎಂದುಕೊಂಡು ನಾನು ಬ್ಯಾಗು ಹೆಗಲಿಗೇರಿಸಿದೆ.

ಮಾವ ಕುರ್ಚಿಯ ತುದಿಯಲ್ಲಿ ಕೂತಿದ್ದವರು ಎದ್ದು ನಿಂತರು. "ಮೂರು ಬರೀರಿ."

"ಮತ್ತ ಮೊದಲನೇ ಸೀಟಿ?"

"ಸೀಟಿ ಊದಿದಾಗ ಒಳಗಿರೋದು ಏನ್ ದೊಡ್ಡದ್ರೀ? ಯಾರು ಬೇಕಾದ್ರೂ ಇರ್ತಾರ. ಕಡೀತನಕ ನಿಲ್ಲಬೇಕು. ನಿಂತಾಳ."

"ಹಂಗಂದ್ರ ನಿಮ್ಮ ಜಾಲಹಳ್ಳಿ ವರ್ಷ?"

ಮಾವ ಬೆರಳಿಗೆ ಅಂಟಿ ಒಣಗಿದ್ದ ಸಲೂಷನ್ನನ್ನು ಉಗುರಿನಿಂದ ಕೆರೆಯುತ್ತ ನಿಂತರು.

"ನಾ ಬಿಟ್ಟ ಮ್ಯಾಲೆ ಒಬ್ಬ ಹುಡುಗ ವರ್ಷಪೂರ್ತಿ ಆಡಿದ್ನಲ್ರೀ. ಅದು ಅವಂದು."

ಮಾಸ್ತರರು ಮೂರು ಎಂದು ಬರೆದು, ಸಹಿ ಹಾಕಿ, ಮೊಹರು ಒತ್ತಿ, ಸರ್ಟಿಫಿಕೇಟನ್ನು ನನಗೆ ಕೊಡುವ ಬದಲು ಮಾವನ ಕಡೆ ಚಾಚಿದರು. ಮಾವ ಎರಡೂ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡರು.

"ನೀನ ಹಿಡಿ ಯವ್ವಾ. ನನ್ನ ಕೈ ಎಷ್ಟು ತೊಳದ್ರೂ ಕರ್ರಗ ಅದ."