ಕೆಂಪು ದೀಪ ಆರುವವರೆಗೆ

ಯಾರಾದರೂ ‘ಹಾಗೆ ಮಾಡಬಾರದು’ ಎಂದರೆ ‘ಯಾಕೆ?’ ಎಂದು ಕೇಳುವುದು ನನ್ನ ಚಟ. ಕಾಲೇಜಿನ ಚರ್ಚಾಸ್ಪರ್ಧೆಗಳು ಅದಕ್ಕೆ ನೀರು ಗೊಬ್ಬರ ಹಾಕಿ ಬೆಳೆಸಿದವು. ನಮ್ಮ ಮನೆಯ ಷೋಕೇಸಿನಲ್ಲಿ ಅದರ ಫಲವಾಗಿ ಮೂರು ಕಪ್ಪುಗಳಿವೆ. ನನ್ನ ಜೊತೆ ನೆಮ್ಮದಿಯಾಗಿ ಕಾಫಿ ಕುಡಿಯುವ ನೆಂಟರು ಅಷ್ಟೂ ಇಲ್ಲ.

ಹಿಂದೂಪುರದಲ್ಲಿ ಮಗ್ಗ ನಡೆಸುವ ನಮ್ಮ ದೊಡ್ಡಮ್ಮನಿಗೆ ಬಹುಕಾಲದಿಂದ ಒಂದೇ ಆಸೆ: ಕಲ್ಯಾಣದುರ್ಗದಲ್ಲಿರುವ ಅತ್ತೆಯ, ಎಂದರೆ ನಮ್ಮ ಅಜ್ಜಿಯ, ಮದುವೆ ಸೀರೆಯ ಅಂಚನ್ನು ತಾನೂ ನೇಯಬೇಕು. ಆ ಸೀರೆ ಹೊಸಿಲು ದಾಟುವುದಿಲ್ಲ. ವರ್ಷಕ್ಕೊಮ್ಮೆ, ವರಮಹಾಲಕ್ಷ್ಮಿಗೆ, ಟ್ರಂಕಿನಿಂದ ಎದ್ದು ಕಳಶಕ್ಕೆ ಸುತ್ತಿಕೊಂಡು, ಸಂಜೆಗೆ ಮತ್ತೆ ಟ್ರಂಕು ಸೇರುತ್ತದೆ. ಮಡಿಕೆಗಳಲ್ಲಿ ಈಗಾಗಲೇ ಬಿರುಕು ಬೇರೆ. ಆಗ ತಾನೇ ಡಿಜಿಟಲ್ ಕ್ಯಾಮೆರಾ ಕೊಂಡಿದ್ದ ನನ್ನನ್ನು ದೊಡ್ಡಮ್ಮ ಹಬ್ಬಕ್ಕೆ ಅಟ್ಟಿದರು.

ಅಜ್ಜಿ ಮೆಮೊರಿ ಕಾರ್ಡನ್ನು ಅಂಗೈಯಲ್ಲಿಟ್ಟುಕೊಂಡು ನೋಡಿತು. “ಈ ಬಿಲ್ಲೇಲಿ ನನ್ ಸೀರೆ ಹಿಡಿಸ್ತೈತೇನ್ಲಾ?”

“ಅರವತ್ನಾಲ್ಕು ಎಂಬಿ ಐತೆ ಅಜ್ಜಿ.”

“ಅಂದ್ರೆ ಎಷ್ಟು ಗಜ?”

ಚರ್ಚಾಸ್ಪರ್ಧೆಯಲ್ಲಿ ಯಾವ ತೀರ್ಪುಗಾರರೂ ಕೇಳದ ಪ್ರಶ್ನೆ. “ಮೂವತ್ತು ಫೋಟೋ” ಎಂದೆ. ಮೂವತ್ತನ್ನೂ ತೆಗೆದೆ. ಎಳೆ ಎಣಿಸುವಷ್ಟು ಹತ್ತಿರದಿಂದ ಅಂಚು, ಸೆರಗು, ಹಂಸ, ಬಳ್ಳಿ.

ಹಿಂದೂಪುರಕ್ಕೆ ಮರಳಿ ನೇರ ಸ್ಟುಡಿಯೋಗೆ ಹೋದೆ. ಪ್ರಿಂಟಿಗೆ ಕೊಡುವ ಮುನ್ನ ಮಸುಕಾದ ನಾಲ್ಕನ್ನು ಕ್ಯಾಮೆರಾದಲ್ಲೇ ಅಳಿಸತೊಡಗಿದೆ. ಕೆಂಪು ದೀಪ ಮಿನುಗುತ್ತಿತ್ತು. ನಾನು ಕಾರ್ಡಿನ ಮುಚ್ಚಳಕ್ಕೆ ಕೈ ಹಾಕಿದೆ.

“ಆಗಂಡಿ ಸಾರ್!” ಎಂದು ತೆಲುಗಿನಲ್ಲಿ ತಡೆದರು ಸ್ಟುಡಿಯೋದವರು. “ಲೈಟು ಆರ್ಲಿ. ಆಮೇಲೆ ಆಫ್ ಮಾಡಿ ತೆಗೀರಿ.”

“ಯಾಕೆ?”

“ಹಂಗೇ ಸಾರ್. ತೆಗೀಬಾರ್ದು.”

ಇಷ್ಟು ಸಾಕಾಯಿತು ನನಗೆ. ಫೋಟೋ ತೆಗೆದು ಎರಡು ದಿನವಾಗಿದೆ, ಬರೆದದ್ದು ಬರೆದಾಗಿದೆ, ಒಳಗೆ ತಿರುಗುವ ಚಕ್ರವಿಲ್ಲ, ಉರಿಯುವ ಬತ್ತಿಯಿಲ್ಲ. ದೀಪಕ್ಕೆ ಹೆದರುವುದು ಬೆಕ್ಕು ಅಡ್ಡ ಬಂದರೆ ನಿಲ್ಲುವುದಕ್ಕಿಂತ ಹೇಗೆ ಬೇರೆ, ಎಂದು ಕೇಳಿದೆ. ಅವರು ತಲೆ ಕೆರೆದುಕೊಂಡು, “ನೀವೇಳೋದು ಕರೆಕ್ಟೇ ಸಾರ್” ಎಂದರು. ವಾದ ಗೆದ್ದೆ. ಆ ಗೆಲುವಿನ ಹುರುಪಿನಲ್ಲೇ ಕಾರ್ಡನ್ನು ಕಿತ್ತೆ.

ಮತ್ತೆ ಹಾಕಿದಾಗ ಪರದೆಯ ಮೇಲೆ ‘ಕಾರ್ಡ್ ಎರರ್’ ಎಂಬುದು ಬಿಟ್ಟು ಬೇರೇನೂ ಇರಲಿಲ್ಲ. ಪಾಪ, ಅವರು ಕಂಪ್ಯೂಟರಿನಲ್ಲಿ ಅರ್ಧ ದಿನ ಜಾಲಾಡಿ ಒಂದೇ ಒಂದು ಫೋಟೋ ಹೊರತೆಗೆದರು. ಅದು ಕ್ಯಾಮೆರಾ ಕೊಂಡ ದಿನ ಪರೀಕ್ಷಿಸಲು ನಾನು ತೆಗೆದುಕೊಂಡಿದ್ದ ನನ್ನದೇ ಮುಖ. ಅಳಿಸಲು ಮರೆತದ್ದು.

ದೊಡ್ಡಮ್ಮ ಮಗ್ಗದ ಮುಂದೆ ಕೂತೇ ಎಲ್ಲ ಕೇಳಿದರು. “ಲೈಟು ಮಿನುಗ್ತಿದ್ರೆ ಒಳ್ಗೆ ಇನ್ನೂ ಕೆಲ್ಸ ನಡೀತೈತೆ ಅಂತ ತಾನೇ? ಲಾಳಿ ಎಳೆ ನಡುವೆ ಓಡ್ತಿರುವಾಗ ಯಾರಾದ್ರೂ ಸೀರೆ ಕುಯ್ದುಬುಡ್ತಾರೇನಪ್ಪಾ?”

ಕ್ಯಾಮೆರಾವನ್ನು ಮುಟ್ಟಿಯೂ ನೋಡದವರು ಒಂದು ಉಸಿರಿನಲ್ಲಿ ಹೇಳಿದ ಕಾರಣ! ಸ್ಟುಡಿಯೋದವರಿಗೆ ಇದು ಹೊಳೆದಿದ್ದರೆ ನಾನು ಸೋಲುತ್ತಿದ್ದೆ, ಅಂಚು ಉಳಿಯುತ್ತಿತ್ತು. “ಸರಿ ಬಿಡು, ಮುಂದಿನ ಹಬ್ಬಕ್ಕೆ ನೋಡಾನ” ಎಂದು ದೊಡ್ಡಮ್ಮ ಲಾಳಿ ತಳ್ಳಿದರು. ಬೈದಿದ್ದರೆ ಎದುರು ವಾದ ಹೂಡಬಹುದಿತ್ತು. ಬೈಯಲಿಲ್ಲ.

ಮುಂದಿನ ವರ್ಷ ಟ್ರಂಕಿನಿಂದೆದ್ದ ಸೀರೆಯಲ್ಲಿ ಇನ್ನೂ ಒಂದು ಮಡಿಕೆ ಸೀಳಿತ್ತು. ಕಳಶದ ಮುಂದೆ ಸ್ಟೂಲಿನ ಮೇಲೆ ಕ್ಯಾಮೆರಾ ಇಟ್ಟು ಒಂದೊಂದೇ ಫೋಟೋ ತೆಗೆದೆ. ಪ್ರತಿ ಸಲವೂ ಕೆಂಪು ದೀಪ ಮಿನುಗಿತು. ಮುಚ್ಚಳದ ಕಡೆ ಹೋಗುವ ಕೈಯನ್ನು ಇನ್ನೊಂದು ಕೈಯಿಂದ ಎದೆಯ ಹತ್ತಿರ ಹಿಡಿದುಕೊಂಡು, ಉಸಿರು ಬಿಗಿಹಿಡಿದು ನಿಂತೆ.

ಮಂಗಳಾರತಿ ಮುಗಿಸಿ ತಿರುಗಿದ ಅಜ್ಜಿ ಪಕ್ಕದಲ್ಲಿದ್ದ ಚಿಕ್ಕಮ್ಮನನ್ನು ತಿವಿಯಿತು. “ನೋಡಮ್ಮಿ, ದೇವ್ರೇ ಇಲ್ಲ ಅಂತಿದ್ದೋನು ಹೆಂಗೆ ಕೈ ಮುಗ್ದು ನಿಂತವ್ನೆ!”

ಅಲ್ಲವೆಂದು ಸಾಧಿಸಲು ನಾಲ್ಕು ಅಂಶಗಳು ನಾಲಿಗೆಯ ತುದಿಯಲ್ಲೇ ಇದ್ದವು. ಆದರೆ ದೀಪ ಇನ್ನೂ ಆರಿರಲಿಲ್ಲ. ಬಾಯಿ ಮುಚ್ಚಿಕೊಂಡು ಹಾಗೇ ನಿಂತೆ.