ಎದುರುಮನೆ ಇಸ್ಕೂಲು

ಪುಷ್ಯ ಮಾಸದ ಇಬ್ಬನಿ ಇನ್ನೂ ಆರಿರಲಿಲ್ಲ. ಕಾರೆಹುಂಡಿಯ ಹೊಲಗಳಲ್ಲಿ ಅರಿಶಿನ ಕೀಳುವ ಕೆಲಸ ಹೊತ್ತು ಮೂಡುವ ಮೊದಲೇ ಶುರುವಾಗಿತ್ತು. ಗಂಡಸರು ಗುದ್ದಲಿಯಲ್ಲಿ ಮಣ್ಣು ಎಬ್ಬಿಸುತ್ತ ಮುಂದೆ ಹೋದರೆ, ಹೆಂಗಸರು ಹಿಂದೆ ಕುಕ್ಕುರುಗಾಲಲ್ಲಿ ಕೂತು ಗೆಡ್ಡೆ ಕೊಡವಿ ಕುಕ್ಕೆಗೆ ತುಂಬುತ್ತಿದ್ದರು.

ಶಿವರುದ್ರಸ್ವಾಮಿಯವರ ಕೈಯಲ್ಲೂ ಗುದ್ದಲಿ ಇತ್ತು. ಕಣ್ಣು ಮಾತ್ರ ಊರಂಚಿನಲ್ಲಿ ಕಾಣುವ ರಾಜಶೇಖರನ ರೇಷ್ಮೆಹುಳದ ಮನೆಯ ಮೇಲಿತ್ತು. ಅಲ್ಲಿ ಅಂಗಳಕ್ಕೆ ಯಾರೋ ಸುಣ್ಣದ ಗೆರೆ ಎಳೆಯುತ್ತಿದ್ದರು.

"ಮುದ್ದಯ್ಯ, ಅದೇನ್ಲಾ ಅಲ್ಲಿ ಬೆಳ್ಳಗೆ?"

"ನಾಳೆ ಇಪ್ಪತ್ತಾರನೇ ತಾರೀಕಲ್ವಾ ಬುದ್ದಿ. ಇಸ್ಕೂಲ್ ಮಕ್ಳು ಬಾವುಟದ ಅಬ್ಬ ಮಾಡ್ತವಂತೆ, ರಾಜಶೇಖರಪ್ಪೋರ ಅಂಗಳದಲ್ಲಿ."

"ಬಾವುಟ ಆರಿಸೋರು ಯಾರು?"

ಆಳುಮಗ ಮುದ್ದಯ್ಯನಿಗೆ ಇದೆಂಥ ಪ್ರಶ್ನೆ ಅನಿಸಿತು. "ಇನ್ಯಾರು ಬುದ್ದಿ, ಅಂಗಳ ಯಾರ್ದೋ ಅವ್ರೇಯ."

ಶಿವರುದ್ರಸ್ವಾಮಿಯವರ ಗುದ್ದಲಿ ಒಂದು ಒಳ್ಳೆ ಗೆಡ್ಡೆಯನ್ನು ನಡುವಿಗೆ ಕತ್ತರಿಸಿತು.

ಅವರ ಹೊಟ್ಟೆ ಉರಿಯುವುದಕ್ಕೆ ಕಾರಣವಿತ್ತು. ಹಿಂಗಾರಿನ ಮಳೆಗೆ ಊರ ಪ್ರೈಮರಿ ಸ್ಕೂಲಿನ ಮಾಡು ಕುಸಿದು ಬಿದ್ದಿತ್ತು. ರಾತ್ರಿ ಬಿದ್ದದ್ದರಿಂದ ಮಕ್ಕಳು ಬದುಕಿದರು. ಚಾಮರಾಜನಗರ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ರಿಪೇರಿಯ ಅರ್ಜಿ ಮೈಸೂರಿಗೆ ಹೋಗಿ ಅಲ್ಲೇ ನೆಂಟಸ್ತನ ಮಾಡುತ್ತ ಕೂತಿತ್ತು. ಗುಂಡ್ಲುಪೇಟೆಯಿಂದ ಬಸ್ಸಿನಲ್ಲಿ ಬರುವ ಭಾನು ಟೀಚರು, ಇದ್ದವರೊಬ್ಬರೇ, ಮೊದಲು ಬಂದು ಕೇಳಿದ್ದು ಶಿವರುದ್ರಸ್ವಾಮಿಯವರ ದೊಡ್ಡ ಗೋಡೌನನ್ನೇ. "ಓದ್ವರ್ಷದ ಅರಿಶಿನ ಇನ್ನೂ ಈರೋಡ್ ಮಂಡಿಗೆ ಓಗಿಲ್ಲ ಕಣಮ್ಮ, ಜಾಗ ಇಲ್ಲ" ಅಂದುಬಿಟ್ಟಿದ್ದರು. ಎದುರುಮನೆಯ ರಾಜಶೇಖರ ಕೇಳುವ ಮೊದಲೇ ಹುಳದ ಮನೆಗೆ ಗೋಣಿಪರದೆ ಕಟ್ಟಿ, ಅರ್ಧ ಹುಳಕ್ಕೆ ಅರ್ಧ ಮಕ್ಕಳಿಗೆ ಅಂತ ಹಂಚಿಕೊಟ್ಟ.

ಗದ್ದಲವಾದರೆ ಹುಳ ಸೊಪ್ಪು ತಿನ್ನೋದು ಬಿಡುತ್ತವೆ ಅನ್ನೋದು ಅವನ ನಂಬಿಕೆ. ಹಾಗಾಗಿ ಮಕ್ಕಳು ಮಗ್ಗಿಯನ್ನು ಪಿಸುಮಾತಿನಲ್ಲಿ ಹೇಳಲು ಕಲಿತರು. ಹುಳಕ್ಕೆ ಸೊಪ್ಪು ಹಾಕುವ ಸರದಿ ತಪ್ಪೀತು ಅಂತ ಅರಿಶಿನ ಕೀಳುವ ಕಾಲದಲ್ಲೂ ಯಾರೂ ಸ್ಕೂಲು ತಪ್ಪಿಸಲಿಲ್ಲ. ಮೇಲುಬೀದಿ ಕೆಳಬೀದಿ ಎರಡರ ಮಕ್ಕಳೂ ಒಂದೇ ಚಾಪೆಯಲ್ಲಿ ಕೂತು ಒಂದೇ ತಟ್ಟೆಯ ಹುಳಕ್ಕೆ ಸೊಪ್ಪು ಹೆಚ್ಚಿದರು. ದಾರಿಯಲ್ಲಿ ರಾಜಶೇಖರ ಸಿಕ್ಕಿದರೆ ಸಾಲಾಗಿ ನಿಂತು "ನಮಸ್ಕಾರ ಇಸ್ಕೂಲ್ ತಾತಾ" ಅಂದರು. ಶಿವರುದ್ರಸ್ವಾಮಿಯವರ ಸ್ವಂತ ಮೊಮ್ಮಗಳು ಶಿವರಂಜಿನಿಯೂ ಹಾಗೇ ಅನ್ನುತ್ತಿದ್ದಳು. ಇವರು ಬರೀ ತಾತ.

ಈಗ ಮೇಲಿಂದ ಬಾವುಟ ಬೇರೆ.

ಗುದ್ದಲಿ ಬಿಸಾಕಿ ನೇರ ಹುಳದ ಮನೆಗೆ ನಡೆದರು. ಒಳಗೆ ಭಾನು ಟೀಚರೂ ರಾಜಶೇಖರನೂ ತಟ್ಟೆ ನೋಡುತ್ತ ನಿಂತಿದ್ದರು. ಹುಳ ಹಣ್ಣಾಗಿ ಹೊಳೆಯುತ್ತಿದ್ದವು, ಗೂಡು ಕಟ್ಟಲು ಜಾಗ ಹುಡುಕಿ ತಲೆ ಆಡಿಸುತ್ತಿದ್ದವು.

"ಇವತ್ತೇ ಗೂಡು ಕಟ್ಟಕ್ಕೆ ಬಿದಿರಿನ ಚಂದ್ರಿಕೆಗೆ ಬುಡಬೇಕಲ್ಲಾ, ನಾಳೆ ಜನ ಸೇರ್ತರೆ, ಏನ್ ಮಾಡನ?" ಅನ್ನುತ್ತಿದ್ದ ರಾಜಶೇಖರ.

"ಮಾಡೋದೇನು!" ಅಂದರು ಶಿವರುದ್ರಸ್ವಾಮಿ ಬಾಗಿಲಿಂದಲೇ. "ನನ್ ಗೋಡೌನ್ ಇಲ್ವಾ? ಈಗ್ಲೇ ಬನ್ನಿ. ನಾಳೆ ಕಾರ್ಯ ನಮ್ಮಂಗಳದಲ್ಲೇ ಆಗ್ಲಿ."

ಟೀಚರು ರಾಜಶೇಖರನ ಮುಖ ನೋಡಿದರು. ರಾಜಶೇಖರ ತಲೆ ಕೆರೆದುಕೊಂಡ. "ಅಣ್ಣ, ಇನ್ನೊಂದ್ಸಲ ಯೋಚ್ನೆ ಮಾಡು."

"ನಿನಗ್ಯಾಕ್ಲಾ ಹೊಟ್ಟೆಕಿಚ್ಚು? ಒಬ್ರು ಒಳ್ಳೇದ್ ಮಾಡಕ್ಕೆ ಬಂದ್ರೆ ಸಯಿಸ್ಕಳಕ್ಕೆ ಆಗಕಿಲ್ವಾ?"

ಅರ್ಧ ಗಂಟೆಯಲ್ಲಿ ಚಾಪೆ, ಕರಿಹಲಗೆ, ಗಂಟೆ, ಮಕ್ಕಳು ಎಲ್ಲ ಬೀದಿ ದಾಟಿದವು. ಮುದ್ದಯ್ಯ ಮೂಟೆಗಳನ್ನು ಗೋಡೆಗೆ ಒತ್ತರಿಸಿ ನಡುವೆ ಜಾಗ ಮಾಡಿದ. ನಾಳೆಯ ಕವಾಯತಿನ ಅಭ್ಯಾಸಕ್ಕೆಂದು ಮಕ್ಕಳೆಲ್ಲ ಒಗೆದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಅಭ್ಯಾಸಬಲದಿಂದ "ಎರಡೊಂದ್ಲ ಎರಡು" ಅಂತ ಪಿಸುಗುಟ್ಟತೊಡಗಿದರು.

ಶಿವರುದ್ರಸ್ವಾಮಿಯವರಿಗೆ ಸಪ್ಪೆ ಅನಿಸಿತು. ಇಷ್ಟು ಮೆಲ್ಲಗಾದರೆ ಎದುರುಮನೆಗೆ ಕೇಳಿಸುವುದು ಹೇಗೆ?

"ಲೇ ಮಕ್ಳಾ, ಇಲ್ಲೇನು ಹುಳ ಇದ್ದಾವಾ? ಕೂಗ್ರೋ! ಜೋರಾಗಿ ಕಾಲ್ ಕುಟ್ಟಿ ಕವಾಯತ್ ಮಾಡ್ರೋ!"

ಮೂರು ತಿಂಗಳಿಂದ ಗಂಟಲಲ್ಲಿ ಕಟ್ಟಿಟ್ಟ ಕೂಗು ಕಟ್ಟೆ ಒಡೆಯಿತು. ಎಡ ಬಲ, ಎಡ ಬಲ. ನೆಲ ನಡುಗಿತು. ತೊಲೆಯ ಮೇಲೆ, ಜಂತೆಯ ಮೇಲೆ, ಮೂಟೆಗಳ ಸಂದಿಯಲ್ಲಿ ವರ್ಷಗಳಿಂದ ಕೂತಿದ್ದ ಅರಿಶಿನದ ಧೂಳು ಒಂದೇ ಸಲ ಮೇಲೆದ್ದಿತು. ಒಬ್ಬ ಸೀನಿದ. ಅವನ ಸೀನಿಗೆ ಇನ್ನಷ್ಟು ಎದ್ದಿತು. ಭಾನು ಟೀಚರು ಬಾಗಿಲು ತೆಗೆದಾಗ ಹೊರಗೆ ಬಂದವರು ಸ್ಕೂಲು ಮಕ್ಕಳಾಗಿರಲಿಲ್ಲ. ಎಣ್ಣೆ ಅರಿಶಿನದ ಶಾಸ್ತ್ರ ಮುಗಿಸಿ ಸ್ನಾನಕ್ಕೆ ಹೊರಟ ನಲವತ್ತು ಮದುಮಕ್ಕಳಾಗಿದ್ದರು.

ಶಿವರಂಜಿನಿ ರೆಪ್ಪೆ ಬಡಿಯುತ್ತ ಕೇಳಿದಳು, "ತಾತಾ, ನಮ್ಗೆಲ್ಲಾ ಮದ್ವೆನಾ?"

ಹೊಲದಿಂದ ಊಟಕ್ಕೆ ಬಂದ ತಾಯಂದಿರಿಗೆ ಈ ಮಾತು ತಮಾಷೆ ಅನಿಸಲಿಲ್ಲ. ಎಲ್ಲರಿಗಿಂತ ಮುಂದೆ ಬಂದವಳು ಮೂಗಮ್ಮ. ಮಗಳ ಅಂಗಿಯನ್ನು ಶಿವರುದ್ರಸ್ವಾಮಿಯವರ ಮೂಗಿನ ಮುಂದೆ ಹಿಡಿದಳು.

"ನೋಡಿ ಬುದ್ದಿ, ಇರೋದೇ ಒಂದು. ರಾತ್ರಿ ಕೂತ್ಕಂಡು ನೀಲಿ ಆಕಿ ಒಗೆದಿದ್ದೆ. ನಾಳೆ ಏನಿಕ್ಕಂಡು ನಿಂತ್ಕತ್ತಳೆ ನನ್ ಮಗ್ಳು?"

"ಒಗೆಸಿ ಕೊಡ್ತೀನಿ ಬುಡವ್ವ, ಕೂಗ್ಬೇಡ."

"ಒಗೆಸೋದಲ್ಲ, ಮೊದಲಿದ್ದಂಗೇ ಕೊಡ್ಬೇಕು."

ಪಂಪ್‌ಸೆಟ್ಟಿನ ತೊಟ್ಟಿಯಲ್ಲಿ ಅಂಗಿಗಳ ಗುಡ್ಡೆ ಬಿತ್ತು. ಶಿವರುದ್ರಸ್ವಾಮಿಯವರು ಪಂಚೆ ಎತ್ತಿಕಟ್ಟಿ ಒಳಗಿಳಿದರು, ಕೈಲಿ ದೊಡ್ಡದೊಂದು ಬಾರ್ ಸೋಪು. ಉಜ್ಜಿದರು. ಹಳದಿ ಅಂಗಿ ಕಣ್ಣೆದುರೇ ಕೆಂಪಾಯಿತು. ಇನ್ನೂ ಉಜ್ಜಿದರು. ಇನ್ನೂ ಕೆಂಪಾಯಿತು.

ಅವರ ಹೆಂಡತಿ ಪುಟ್ಟಮಲ್ಲಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡುತ್ತಿದ್ದರು. "ಐವತ್ತೆಂಟು ವರ್ಷದಿಂದ ಅರಿಶಿನ ಬೆಳೀತೀರಿ, ಸೋಪು ತಾಕಿದ್ರೆ ಓಕುಳಿ ಆಗ್ತದೆ ಅಂತ ಗೊತ್ತಿಲ್ವಾ?"

"ಗೊತ್ತಿಲ್ದೇ ಏನು! ನಾನೆಲ್ಲೇ ಬಟ್ಟೆ ಒಗ್ದಿದ್ದೆ?"

"ಅದೂ ಸರಿಯೇ" ಅಂದರು ಪುಟ್ಟಮಲ್ಲಮ್ಮ. "ಬರೀ ನೀರಲ್ಲಿ ಜಾಲಾಡಿ ಬಿಸ್ಲಿಗೆ ಆಕಿ. ಬಿಸ್ಲಿಗೆ ಓಗ್ತದೆ."

ಜಾಲಾಡಿ, ಹಿಂಡಿ, ಬೇಲಿಯ ಮೇಲೆಲ್ಲ ಹರವುವಷ್ಟರಲ್ಲಿ ಬಿಸಿಲೇ ಹೋಗುವ ಹೊತ್ತಾಗಿತ್ತು. ಸೊಂಟ ಹಿಡಿದುಕೊಂಡಿತ್ತು. ಆದರೂ ಶಿವರುದ್ರಸ್ವಾಮಿಯವರ ಮನಸ್ಸಿನೊಳಗೆ ಒಂದು ತಂಪಿತ್ತು. ಅಂಗಳ ಯಾರದೋ ಅವರೇ. ಹಗ್ಗ ಎಳೆಯುವುದು, ಹೂವು ಉದುರುವುದು, ಮೊಮ್ಮಗಳು ನೋಡುವುದು, ಎದುರುಮನೆಯವನು ಜನರ ನಡುವೆ ನಿಂತು ಸೆಲ್ಯೂಟ್ ಹೊಡೆಯುವುದು. ಇಷ್ಟಕ್ಕೆ ನಲವತ್ತು ಅಂಗಿ ದೊಡ್ಡದಲ್ಲ.

ಸಂಜೆ ಅವರು ಜಗಲಿಯಲ್ಲಿ ಕೂತಿದ್ದಾಗ ಭಾನು ಟೀಚರು ಅಂಗಳಕ್ಕೆ ಬಂದರು. ಹಿಂದೆ ಮಕ್ಕಳು. ಶಿವರಂಜಿನಿಯ ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ. ಕರೆಯುವುದಕ್ಕೇ ಬಂದರು ಅಂತ ಶಿವರುದ್ರಸ್ವಾಮಿಯವರು ಎದ್ದು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು. ಎರಡೂ ಕೈ ಚಾಚಿದರು.

ಶಿವರಂಜಿನಿ ಅವರನ್ನು ದಾಟಿಕೊಂಡು ಹೋಗಿ, ಕಂಬ ಹೊತ್ತು ತರುತ್ತಿದ್ದ ರಾಜಶೇಖರನಿಗೆ ತಟ್ಟೆ ಕೊಟ್ಟಳು. "ನಾಳೆ ಬಾವುಟ ನೀವೇ ಹಾರಿಸ್ಬೇಕು ಇಸ್ಕೂಲ್ ತಾತಾ."

ಶಿವರುದ್ರಸ್ವಾಮಿಯವರ ಕೈ ಚಾಚಿದ ಹಾಗೇ ಇತ್ತು. "ಇದೇನ್ ಟೀಚರೇ? ಅಂಗಳ ನಂದು!"

"ಅದಕ್ಕೇ ಸಾರ್ ತೊಂದರೆ ಆಗಿದ್ದು." ಭಾನು ಟೀಚರಿಗೂ ಬೇಜಾರಾದಂತಿತ್ತು. "ಕಾರ್ಯ ಅವರ ಮನೇಲೇ ಅಂತಿದ್ದಾಗ ರಾಜಶೇಖರಪ್ಪನವರೇ ಹೇಳಿದ್ರು, ನಾನು ಹಾರಿಸಲ್ಲ ಅಂತ."

"ಮನೇಲಿ ಊಟ ಇಟ್ಕಂಡೋನು ತಾನೇ ಮೊದಲ್ನೇ ಪಂಕ್ತೀಲಿ ಕೂತ್ಕಂಡ್ರೆ ಜನ ಏನಂದಾರು ಅಣ್ಣ?" ಅಂದ ರಾಜಶೇಖರ. "ಎದುರುಮನೆ ಅಣ್ಣ ದೊಡ್ಡೋನು, ಅವನ್ನೇ ಕರೀರಿ, ಅವನೇ ಆರಿಸ್ಲಿ ಅಂದಿದ್ದೆ. ಇವತ್ ಸಂಜೆ ಈ ತಟ್ಟೆ ನಿನ್ ಮನೆಗೇ ಬರೋದಿತ್ತು. ನೀನು ಬೆಳಿಗ್ಗೇನೇ ಬಂದು ಕಾರ್ಯ ನಿನ್ ಮನೆಗೆ ಎಳ್ಕಂಡ್ಬುಟ್ಟೆ. ಈಗ ಎದುರುಮನೆಯೋನು ನಾನಾಗೋದೆ."

ಶಿವರುದ್ರಸ್ವಾಮಿಯವರು ಚಾಚಿದ್ದ ಕೈಯಲ್ಲೇ ಹೆಗಲ ಟವೆಲು ತೆಗೆದು ಮುಖ ಒರೆಸಿಕೊಂಡರು. ಆಮೇಲೆ ಮೆಲ್ಲಗೆ, ಪಿಸುಗುಟ್ಟುವಷ್ಟು ಮೆಲ್ಲಗೆ, ಅಂದರು: "ಇನ್ನೂ ಹೊತ್ತಿದೆ ಕಣ್ಲಾ ರಾಜ. ಇಸ್ಕೂಲು ವಾಪಸ್ ನಿನ್ನಲ್ಲಿಗೇ ಓಗ್ಲಿ."

"ಎಲ್ಲಿಗಣ್ಣ? ಮನೆ ತುಂಬ ಚಂದ್ರಿಕೆ ಹರಡ್ಬುಟ್ಟಿವ್ನಿ, ಬಾಗ್ಲವರ್ಗೂ ಹುಳ. ಅವು ಗೂಡು ಕಟ್ಟೋವರ್ಗೂ ಒಳಗೆ ಕಾಲಿಡಂಗಿಲ್ಲ." ಕಂಬವನ್ನು ಇಳಿಸಿ, ಅಂಗಳದ ನಡುವೆ ಪಾದದಲ್ಲಿ ಗುರುತು ಹಾಕಿದ. "ಗುಂಡಿ ಇಲ್ಲಿ ತೆಗೀಬೇಕು. ಮನೆಯೋನು ನೀನಲ್ವಾ, ನೀನೇ ತೆಗಿ. ಸ್ವಲ್ಪ ಆಳ ಇರ್ಲಿ ಅಣ್ಣ. ನಾಳೆ ನಾನು ಹಗ್ಗ ಎಳೀವಾಗ ಅಲ್ಲಾಡ್ಬಾರ್ದು."

ಮುದ್ದಯ್ಯ ಕೇಳದೆಯೇ ಹಾರೆ ತಂದುಕೊಟ್ಟ.

ಶಿವರುದ್ರಸ್ವಾಮಿಯವರು ಅಗೆದರು. ಮೊಣಕಾಲುದ್ದ ಆಗಿರಬೇಕು, ಯಾರದೋ ಕಾಲು ಗುಂಡಿಯ ಅಂಚಿನಲ್ಲಿ ಕಂಡಿತು. ತಲೆಯೆತ್ತಿದರು. ಮೂಗಮ್ಮ ನಿಂತಿದ್ದಳು, ಕೈಯಲ್ಲಿ ಒದ್ದೆ ಅಂಗಿ. ಅದು ಬೆಳ್ಳಗೂ ಇರಲಿಲ್ಲ, ಹಳದಿಯೂ ಇರಲಿಲ್ಲ.

"ಅಗೀರಿ ಬುದ್ದಿ, ಅಗೀರಿ" ಅಂದು ಅವಳು ಕಲ್ಲಿನ ಮೇಲೆ ಕೂತಳು. "ಮುಗಿಯೋವರ್ಗೂ ಕೂತಿರ್ತೀನಿ. ನನ್ದೊಂದು ಬಾಕಿ ಅದೆ."